ಗೋಡೆ ತಟ್ಟಿ ನೋಡುವವನು

ನನ್ನ ಗಂಡ ಮಂಜೇಶ ಹಾಲಿನ ಕ್ಯಾನಿನ ಮೇಲೆ ಅಚ್ಚು ಹಾಕಿದ ತಾರೀಕನ್ನು ನಂಬುವುದಿಲ್ಲ, ಮುಚ್ಚಳ ತೆಗೆದು ಮೂಸಿಯೇ ನೋಡಬೇಕು. ಇನ್ನೇನು ಬಸ್ ಬಂತು ಎಂದು ಬೋರ್ಡು ತೋರಿಸುತ್ತಿದ್ದರೂ ರಸ್ತೆಗಿಳಿದು ಕತ್ತು ಚಾಚಿ ನೋಡಬೇಕು. ಆ ವಿಷಯದಲ್ಲಿ ಅವನದೇ ಸರಿ, ಬಿಡಿ. ಆದರೆ ನಾವಿರುವ ಪರದೇಶದ ಊರು ಕಾರ್ಕ್‌ನ ಇಂಡಿಯನ್ ಅಂಗಡಿಯಲ್ಲಿ ಒಂದು ತೆಂಗಿನಕಾಯಿ ಕೊಳ್ಳುವುದಕ್ಕೆ ಬುಟ್ಟಿಯಲ್ಲಿರುವುದನ್ನೆಲ್ಲ ಕಿವಿಗೆ ಹಿಡಿದು ತಟ್ಟುತ್ತಾ ನಿಂತರೆ, ಹಿಂದೆ ನಿಂತವರ ಮುಖ ನೋಡಬೇಕಾದವಳು ನಾನು. ಒಂದು ಸಲ ಅಂಗಡಿಯವನೇ ರೇಗಿ, “ಅಣ್ಣಾ, ಒಳಗೆ ಯಾರೂ ಇಲ್ಲ, ಬಾಗಿಲು ತೆಗೆಯಲ್ಲ” ಅಂದಿದ್ದ.

ಇಂಥವನಿಗೆ ಸಂಬಳ ಕೊಡುವುದೂ ಅನುಮಾನ ಪಡುವುದಕ್ಕೇ. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಕಷ್ಟಪಟ್ಟು ಕಟ್ಟಿದ್ದನ್ನು ಹೇಗೆ ಕೆಡವಬಹುದು ಎಂದು ಬೆಳಗಿನಿಂದ ಸಂಜೆಯವರೆಗೆ ಯೋಚಿಸುವುದು ಅವನ ಉದ್ಯೋಗ.

ಹೆಣ್ಣು ನೋಡಲು ಬಂದ ದಿನವೇ ನನಗೆ ಗೊತ್ತಾಗಬೇಕಿತ್ತು. ನಾನಾಗ ಕಾರ್ಕ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ಔಷಧ ಕಂಪನಿಯ ಲ್ಯಾಬ್‌ಗೆ ಸೇರಿ, ರಜೆಯಲ್ಲಿ ಮೈಸೂರಿಗೆ ಹೋಗಿದ್ದೆ. ಅವನೂ ಇದೇ ಕಾರ್ಕ್‌ನವನೇ ಎಂದು ದೊಡ್ಡಮ್ಮ ಕುಣಿದಾಡಿ ಕರೆಸಿದ್ದರು. ಇಬ್ಬರನ್ನೇ ಮಾತಾಡಲು ಬಿಟ್ಟಾಗ ಅವನು ನನ್ನ ಓದು ಕೇಳಲಿಲ್ಲ, ಅಡುಗೆ ಕೇಳಲಿಲ್ಲ. “ನಿಮಗೆ ನಿಜವಾಗ್ಲೂ ಒಪ್ಪಿಗೆನಾ? ಮನೆಯವರ ಬಲವಂತಕ್ಕೆ ಹೂಂ ಅಂತಿಲ್ಲ ತಾನೆ?” ಅಂದ. ಇಲ್ಲ ಅಂದೆ. ಚಕ್ಕುಲಿ ತಿಂದು ಮತ್ತೆ ಅದನ್ನೇ ಕೇಳಿದ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಮ್ಮೆ ಕೇಳಿದ. ಎಷ್ಟು ಒಳ್ಳೆಯ ಹುಡುಗ ಎಂದು ನಾನು ಕರಗಿಹೋದೆ. ಪೆದ್ದಿ!

ಮದುವೆಯಾಗಿ ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ಮನೆ ಮಾಡಿದೆವು. ನಮ್ಮ ಬಡಾವಣೆಯ ಕೊನೆಯಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟಡವಿದೆ. ಮೇಲಿನ ಮಹಡಿಗಳಲ್ಲಿ ಸಂಸಾರಗಳಿವೆ. ನೆಲಮಹಡಿ ಮಾತ್ರ ಖಾಲಿ, ಕಿಟಕಿಗೆಲ್ಲ ಹಲಗೆ ಹೊಡೆದಿತ್ತು. ಅದು ಶಿಶುವಿಹಾರ ಆಗಬೇಕಿದ್ದ ಜಾಗ, ಇಲ್ಲಿನವರ ಬಾಯಲ್ಲಿ ಕ್ರೆಷ್. ಹದಿನೈದಿಪ್ಪತ್ತು ವರ್ಷದ ಹಿಂದೆ ಈ ದೇಶದ ಬ್ಯಾಂಕುಗಳು ಒಂದರ ಹಿಂದೊಂದು ಮಗುಚಿಕೊಂಡಾಗ ಬಿಲ್ಡರ್ ರಾತ್ರೋರಾತ್ರಿ ನಾಪತ್ತೆಯಾದನಂತೆ. ಅದಕ್ಕೆ ಗಾರೆ ಬಳಿದವನು ನಮ್ಮ ಪಕ್ಕದ ಮನೆಯ ಡೋನಲ್. ಅವನ ಕೂಲಿಯೂ ಬಿಲ್ಡರ್ ಜೊತೆಗೇ ಹೋಯಿತು. ಆಮೇಲೆ ಯಾರು ಏನು ಹೇಳಿದರೂ “ಗ್ರ್ಯಾಂಡ್” ಎನ್ನುತ್ತಾನೆ, ಎಲ್ಲ ಚೆನ್ನಾಗಿದೆ ಎನ್ನುವುದಕ್ಕೆ ಇಲ್ಲಿನವರ ಮಾತು ಅದು, ಆದರೆ ಒಂದನ್ನೂ ನಂಬುವುದಿಲ್ಲ. ಅವನಿಗೂ ಮಂಜೇಶನಿಗೂ ಗಳಸ್ಯ ಕಂಠಸ್ಯ ಆಗದೆ ಇನ್ನೇನು?

ಆ ಜಾಗ ಕೊನೆಗೂ ಬಡಾವಣೆಯವರ ಸಹಕಾರ ಸಂಘದ ಕೈಗೆ ಬಂತು. ಅದನ್ನು ಏನು ಮಾಡಬೇಕು ಎಂದು ತೀರ್ಮಾನಿಸುವುದಕ್ಕೆ ಅವರು ಚುನಾವಣೆ ಇಡಲಿಲ್ಲ. ಚೀಟಿ ಎತ್ತಿ ಹದಿನೈದು ಮನೆಗಳಿಂದ ಒಬ್ಬೊಬ್ಬರನ್ನು ಆರಿಸುವುದು, ಯಾವ ದೇಶದ ಪಾಸ್‌ಪೋರ್ಟ್ ಆದರೂ ಸರಿ, ಅವರು ಕೂತು ಎಲ್ಲರ ಮಾತು ಕೇಳಿ ಹೇಳಿದ್ದೇ ತೀರ್ಪು. ಇಡೀ ಊರು ದೊಡ್ಡವರ ಮಾತು ನಂಬಿ ಮುಳುಗಿದ್ದಾಯಿತು, ಇನ್ನು ಸಾಮಾನ್ಯರು ನೋಡಲಿ ಎಂಬ ಲೆಕ್ಕ.

ಚೀಟಿಯಲ್ಲಿ ನಮ್ಮ ಮನೆ ಬಂತು. ಹೇಳಲು ಬಂದ ಸಂಘದ ಹೆಂಗಸನ್ನು ಮಂಜೇಶ ಬಾಗಿಲಲ್ಲೇ ನಿಲ್ಲಿಸಿ ಗುರುತಿನ ಚೀಟಿ ಕೇಳಿದ. ಅವಳು ಕೊಟ್ಟ ನಂಬರಿಗೆ ಫೋನ್ ಮಾಡಲಿಲ್ಲ, ಸಂಘದ ನಂಬರನ್ನು ತಾನೇ ಹುಡುಕಿ ಮಾಡಿದ. ಆ ಕಡೆ ಗಂಟೆ ಹೊಡೆದದ್ದು ಅವಳ ಜೇಬಿನಲ್ಲೇ. ಬಾಗಿಲಲ್ಲಿ ನಿಂತೇ ಫೋನೆತ್ತಿ “ಹಲೋ” ಅಂದಳು. ನನಗೆ ನಗು ತಡೆಯಲಾಗಲಿಲ್ಲ.

ಅಷ್ಟಕ್ಕೆ ಬಿಟ್ಟನೇ? “ಸುಮ್ ಸುಮ್ನೆ ನಮ್ಮನೆ ಹೆಂಗೆ ಬರುತ್ತೆ? ಯಾರೋ ನನ್ನ ಹೆಸರು ಕೊಟ್ಟಿದಾರೆ” ಎಂದು ಗೊಣಗುತ್ತಾ ಗುರುದತ್ತನ ಮನೆಗೆ ಹೋದ. ಗುರುದತ್ ಇಲ್ಲಿನ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ. ಅವನಿಗೆ ಈ ಚೀಟಿಯ ವಿಷಯ ಏನೇನೂ ಗೊತ್ತಿರಲಿಲ್ಲ. ಆದರೂ ಮೀಸೆಯಡಿ ನಕ್ಕು, “ನಾನೇ ಒಂದ್ ಮಾತು ಹೇಳ್ದೆ ಅಂತಿಟ್ಕೋ. ಶನಿವಾರ ಭಾನುವಾರ ನಮ್ ಬಳಗಕ್ಕೆ ಆ ಹಾಲ್ ಕೊಡಿಸ್ಬಿಡು ಮತ್ತೆ” ಅಂದನಂತೆ! ಮಾಡದ ಉಪಕಾರಕ್ಕೆ ಬಾಡಿಗೆ ಕೇಳುವ ಆಸಾಮಿ. ಮಂಜೇಶ ನೇರವಾಗಿ ಸಂಘಕ್ಕೆ ಹೋಗಿ ಚೀಟಿ ಎತ್ತಿದ್ದು ಹೇಗೆ ಎಂದು ಕೇಳಿದ. ಅವರು ಬಿಂಗೋ ಆಡುವ ತಿರುಗುಪೆಟ್ಟಿಗೆ ತೋರಿಸಿದರು. ಇವನು ಅದರ ಮುಚ್ಚಳ ಬಿಚ್ಚಿ, ಚೆಂಡುಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಎಲ್ಲ ಮನೆಗಳ ನಂಬರೂ ಇದೆಯೇ ಎಂದು ನೋಡಿ ಆಮೇಲೆ ಸಮಿತಿಗೆ ಸೇರಲು ಒಪ್ಪಿದ.

ಈಗ ನನ್ನ ಕಥೆ ಕೇಳಿ. ಮಗಳು ಚೈತನ್ಯಾಗೆ ಆಗ ಹತ್ತಿರಹತ್ತಿರ ಒಂದು ವರ್ಷ. ಹೆರಿಗೆ ರಜೆ ಮುಗಿದು, ಅದರ ಮೇಲಿನ ರಜೆಯೂ ಮುಗಿಯುತ್ತಾ ಬಂದಿತ್ತು. ಸೆಪ್ಟೆಂಬರ್ ಒಂದಕ್ಕೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಕಂಪನಿ ಹೇಳಿಬಿಟ್ಟಿತ್ತು. ಊರಿನ ಯಾವ ಕ್ರೆಷ್‌ನಲ್ಲೂ ಜಾಗವಿಲ್ಲ. ಹೊಟ್ಟೆಯಲ್ಲಿರುವಾಗಲೇ ಹೆಸರು ಬರೆಸಬೇಕಿತ್ತು ಎಂದು ಒಬ್ಬಳು ಬುದ್ಧಿ ಬೇರೆ ಹೇಳಿದಳು. ನನಗೆ ಆ ಲ್ಯಾಬ್ ಎಂದರೆ ಪ್ರಾಣ. ಆ ಕೆಲಸ ಹೋದರೆ ನಾನು ನಾನಾಗಿ ಉಳಿಯುವುದಿಲ್ಲ ಅನ್ನಿಸುತ್ತಿತ್ತು. ಬಡಾವಣೆಯ ಆ ನೆಲಮಹಡಿ ಸೆಪ್ಟೆಂಬರ್‌ಗೆ ಕ್ರೆಷ್ ಆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಗುವನ್ನು ಸೊಂಟಕ್ಕೇರಿಸಿಕೊಂಡು ಮನೆಮನೆ ತಿರುಗಿ ಕ್ರೆಷ್‌ಗೆ ಬೆಂಬಲ ಕೇಳಿದೆ. ಮನೆಗೆ ಬಂದರೆ ಮಂಜೇಶ ಒಂದು ಸಂಜೆ, “ವಿನೂ, ನಿಜವಾಗ್ಲೂ ಕೆಲಸಕ್ಕೆ ವಾಪಸ್ ಹೋಗ್ಬೇಕು ಅಂತಾನೇ ಇದೆಯಾ ನಿಂಗೆ?” ಅಂದ.

“ಯಾಕೆ ಹಂಗ್ ಕೇಳ್ತಿದೀಯ?”

“ಸುಮ್ನೆ ಕೇಳ್ದೆ.”

ಎರಡು ದಿನ ಬಿಟ್ಟು ಮತ್ತೆ ಅದನ್ನೇ ಕೇಳಿದ. ಆಗ ನನ್ನ ತಲೆಯೊಳಗೆ ಹುಳ ಬಿತ್ತು. ಹೆಂಡತಿ ಮನೆಯಲ್ಲಿ ಬಿಸಿ ಸಾರು ಮಾಡಿಕೊಂಡು ಇರಲಿ ಎಂದು ಇವನಿಗೂ ಒಳಗೊಳಗೇ ಆಸೆಯಿದೆಯೋ ಏನೋ? ಅತ್ತೆ ಫೋನಿನಲ್ಲಿ ಏನಾದರೂ ಊದಿದರೋ? ಅಂದಿನಿಂದ ಅವನು ಫೋನೆತ್ತಿಕೊಂಡು ಹೊರಗೆ ಹೋದರೂ ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೋಗುತ್ತಿದ್ದುದೂ ನಿಜ. ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡು ಯಾರ ಜೊತೆಗೋ ಮಾತಾಡಿ ಬರುತ್ತಿದ್ದ. ಕೇಳಿದರೆ “ಆಫೀಸು” ಅನ್ನುತ್ತಿದ್ದ.

ಸಮಿತಿಯ ಕೊನೆಯ ಸಭೆಗೆ ಬಡಾವಣೆಯವರು ಯಾರು ಬೇಕಾದರೂ ಬಂದು ಹಿಂದೆ ಕೂರಬಹುದಿತ್ತು. ನಾನೂ ಹೋಗಿ ಡೋನಲ್ ಪಕ್ಕ ಕೂತೆ. ವೃದ್ಧರ ಚಹಾ ಕೊಠಡಿ ಬೇಕೆಂದವರು, ನಮ್ಮ ಗುರುದತ್, ಎಲ್ಲರ ಮಾತೂ ಆಗಿತ್ತು. ಹದಿನೈದರಲ್ಲಿ ಹೆಚ್ಚಿನವರು ಕ್ರೆಷ್ ಕಡೆಗೇ ಇದ್ದಾರೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಇನ್ನೇನು ಕೈ ಎತ್ತಬೇಕು, ನಮ್ಮ ಮಹಾರಾಯ ಎದ್ದು ನಿಂತ.

“ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನನ್ನ ಹೆಂಡತಿಗೆ ಈ ಕ್ರೆಷ್ ಬೇಕು. ನನಗೂ ಬೇಕು. ಅದಕ್ಕೆ ನನ್ನ ಮಾತನ್ನ ನೀವು ಅನುಮಾನದಿಂದಲೇ ಕೇಳಿ” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ. ಎಲ್ಲರೂ ನಕ್ಕರು. ನನಗೂ ಒಂದು ಕ್ಷಣ ಹೆಮ್ಮೆಯಾಯಿತು. “ಮೇಲಿನ ಮನೆಗಳಿಗೂ ಈ ಜಾಗಕ್ಕೂ ನಡುವೆ ಬೆಂಕಿ ಹರಡದ ಹಾಗೆ ಗೋಡೆಯೊಳಗೆ ತಡೆ ಇರಬೇಕು. ಆ ಕಾಲದ ಎಷ್ಟೋ ಕಟ್ಟಡಗಳಲ್ಲಿ ಅದನ್ನ ಹಾಕೇ ಇಲ್ಲ. ಇಲ್ಲಿ ಹಾಕಿದಾರೆ ಅಂತ ಎಲ್ಲರೂ ಹೇಳ್ತಿದೀರ. ನೋಡಿದವರು ಯಾರು?”

ತೆಂಗಿನಕಾಯಿ ತಟ್ಟುವ ಹಾಗೆ ಪಕ್ಕದ ಗೋಡೆಯನ್ನೊಮ್ಮೆ ತಟ್ಟಿದ.

“ಗೋಡೆ ಒಡೆದು ನೋಡೋಣ. ಆಮೇಲೆ ತೀರ್ಮಾನ ಮಾಡೋಣ.”

ಗೋಡೆ ಒಡೆದು, ಎಂಜಿನಿಯರ್ ಬಂದು, ಮತ್ತೆ ಮುಚ್ಚುವುದರೊಳಗೆ ಈಗ ಗೊತ್ತುಮಾಡಿದ ಕೆಲಸದವರು ಬೇರೆ ಕಡೆ ಹೋಗಿರುತ್ತಾರೆ, ಒಳಗಿನ ಕೆಲಸವೆಲ್ಲ ಆಗಬೇಕಾದರೆ ಜನವರಿಯಾಗುತ್ತದೆ ಎಂದು ಸಂಘದವಳು ಮೆಲ್ಲಗೆ ಹೇಳಿದಳು. ಆದರೂ ಹದಿನೈದೂ ಜನ ಅವನ ಮಾತಿಗೇ ಕೈ ಎತ್ತಿದರು. ಪಕ್ಕದಲ್ಲಿ ಡೋನಲ್ ತನ್ನ ದೊಡ್ಡ ಕೈಗಳನ್ನು ನೋಡಿಕೊಳ್ಳುತ್ತಾ ಕೂತಿದ್ದ. “ಆಗ ಎಲ್ಲರೂ ಸರಿಯಾಗಿದೆ ಅಂದರು. ಬ್ಯಾಂಕು, ಬಿಲ್ಡರ್, ಎಂಜಿನಿಯರ್. ನಾನೂ ಒಳಗೆ ನೋಡದೇ ಗಾರೆ ಬಳಿದೆ” ಅಂದ. ಅವನ ಪುರಾಣ ಕೇಳುವ ತಾಳ್ಮೆ ನನಗಿರಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ತಕ್ಷಣ ಕೇಳಿಯೇಬಿಟ್ಟೆ. “ನಾನು ಮನೇಲೇ ಬಿದ್ದಿರ್ಬೇಕು, ಅಷ್ಟೇ ತಾನೇ ನಿಂಗೆ? ನೇರವಾಗಿ ಹೇಳೋಕೆ ಬಾಯಿಲ್ಲ, ಗೋಡೆ ಅಡ್ಡ ತಂದೆ.”

ಅವನು ಬೆಪ್ಪಾಗಿ ನಿಂತ. “ವಿನೂ, ಒಂದ್ ವಾರ ತಡಿ” ಅಂದ.

“ಒಂದ್ ವಾರದಲ್ಲಿ ಏನ್ ಕಡಿದು ಕಟ್ಟೆ ಹಾಕ್ತೀಯ?”

ಆ ವಾರ ನಮ್ಮ ಮನೆಯಲ್ಲಿ ಮಾತಾಡಿದವಳು ಚೈತನ್ಯಾ ಒಬ್ಬಳೇ, ಅದೂ ಅವಳದೇ ಭಾಷೆಯಲ್ಲಿ.

ಗೋಡೆ ಒಡೆದ ದಿನ ಬೇಡಬೇಡವೆಂದರೂ ಕಾಲು ಅಲ್ಲಿಗೇ ಹೋಯಿತು. ತಾನೇ ಬಳಿದ ಗಾರೆಯನ್ನು ಡೋನಲ್ಲೇ ಉಳಿ ಹಿಡಿದು ಒಡೆದ. ಎಂಜಿನಿಯರ್ ಟಾರ್ಚ್ ಬಿಟ್ಟು ನೋಡಿದಳು. ಬೇರೆ ಕಡೆ ಒಡೆಸಿದಳು, ಅಲ್ಲೂ ನೋಡಿದಳು. ತಡೆ ಹಾಕಿತ್ತು. ಎಲ್ಲ ಕಡೆಯೂ ಸರಿಯಾಗಿಯೇ ಹಾಕಿತ್ತು. ಯಾವನೋ ಹೆಸರಿಲ್ಲದ ಕೆಲಸಗಾರ, ಕೂಲಿ ಸಿಗುವುದೋ ಇಲ್ಲವೋ ಎನ್ನುವ ಆ ದಿನಗಳಲ್ಲೂ ನೆಟ್ಟಗೆ ಕೆಲಸ ಮಾಡಿ ಹೋಗಿದ್ದ. ಡೋನಲ್ ಉಳಿ ಕೆಳಗಿಟ್ಟು ಗೋಡೆಗೆ ಹಣೆ ಒರಗಿಸಿ ನಿಂತುಬಿಟ್ಟ. “ಇದರ ಮುಂದೆ ಹಾದು ಹೋದಾಗೆಲ್ಲ ನನಗೆ ಅದೇ ಯೋಚನೆ ಇತ್ತು. ಯಾರಾದರೂ ಕೇಳಲಿ ಅಂತ ಕಾಯ್ತಿದ್ದೆ” ಅಂದ. ಅವನ ಕಣ್ಣು ಒದ್ದೆಯಾಗಿತ್ತು.

ನನಗೆ ಕನಿಕರ ಬರಲಿಲ್ಲ, ಕೋಪ ಬಂತು. ಏನೂ ಇಲ್ಲದ್ದಕ್ಕೆ ನನ್ನ ಕೆಲಸ ಹೋಯಿತಲ್ಲ! ಮಂಜೇಶನ ಮುಖದಲ್ಲಿ ಸೋತ ಕಳೆ ಒಂದಿಷ್ಟಾದರೂ ಇರುತ್ತದೇನೋ ಎಂದು ನೋಡಿದೆ. ಇಲ್ಲ, ಹಾಯಾಗಿದ್ದ. “ಟೆಸ್ಟ್ ಮಾಡಿದಾಗ ಏನೂ ಸಿಗದಿದ್ರೆ ಅದಕ್ಕಿಂತ ಖುಷಿ ಏನಿದೆ?” ಎಂದು ಎಂಜಿನಿಯರ್‌ಗೆ ಹೇಳುತ್ತಿದ್ದ.

ಮಾರನೆಯ ಬೆಳಿಗ್ಗೆ ಸಮಿತಿ ಕ್ರೆಷ್ ಎಂದೇ ತೀರ್ಪು ಕೊಟ್ಟ ಸುದ್ದಿ ಬಂತು. ಜನವರಿಗೆ. ನಾನು ಅಡುಗೆಮನೆಯಲ್ಲಿ ಒಂದು ಕೈಲಿ ಸೌಟು, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತೆ. ಲ್ಯಾಬ್‌ಗೆ ಮಾಡಿ ಬರುವುದಿಲ್ಲ ಎಂದು ಹೇಳಿಬಿಡುವುದು, ಅಷ್ಟೆ. ಒಂದು ಸಲ ಗಂಟೆ ಹೊಡೆಯಿತು. ಮಂಜೇಶ ಮೆಟ್ಟಿಲಿಳಿದು ಓಡಿ ಬಂದು, ಪರದೆಯ ಮೇಲೆ ಲ್ಯಾಬಿನ ಹೆಸರು ನೋಡಿ ಫೋನ್ ಕಿತ್ತು ಕಟ್ ಮಾಡಿದ.

“ಹೋಗ್ತಿದೀಯ ನೀನು. ಸೆಪ್ಟೆಂಬರ್ ಒಂದಕ್ಕೆ. ನಾನಿರ್ತೀನಿ ಮನೇಲಿ.”

“ಏನು?”

“ಪೇರೆಂಟಲ್ ಲೀವ್. ಜನವರಿ ತನಕ. ಈಗಷ್ಟೇ ಮೇಲ್ ಬಂತು, ಅಪ್ರೂವ್ ಆಯ್ತು.”

“ಯಾವಾಗ ಕೇಳಿದ್ದೆ?”

“ಆ ಕೊನೇ ಸಭೆಗಿಂತ ಮುಂಚೇನೇ. ಲೀವ್ ಕೇಳದೇ ನಾನು ಗೋಡೆ ವಿಷಯ ಎತ್ತೋಕಾಗ್ತಿತ್ತಾ?”

ಕಾರಿನೊಳಗಿನ ಫೋನು! “ಮತ್ತೆ ಹೇಳೋಕೇನು ರೋಗ ನಿಂಗೆ? ಒಂದ್ ವಾರ ನಾನು ಸತ್ತು ಸುಣ್ಣ ಆದ್ನಲ್ಲೋ!”

“ಕೊಡ್ತೀವಿ ಅಂತ ಮ್ಯಾನೇಜರ್ ಬಾಯಲ್ಲಿ ಹೇಳಿದ್ದ. ಬಾಯಿ ಮಾತು ಹೆಂಗ್ ನಂಬೋದು ವಿನೂ? ನಂಬಿ ನಿಂಗೆ ಹೇಳಿ, ಆಮೇಲೆ ಆಗಲ್ಲ ಅಂದಿದ್ರೆ?”

ಕೈಲಿದ್ದ ಸೌಟಿನಲ್ಲಿ ಹೊಡೆಯಲೋ ತಬ್ಬಿಕೊಳ್ಳಲೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಅಳು ಬಂತು, ಅವನ ಅಂಗಿಗೇ ಮುಖ ಒರೆಸಿಕೊಂಡೆ. ನನ್ನ ಆಸೆ ನಿಜವೋ ಅಲ್ಲವೋ ಎಂದು ಎರಡೆರಡು ಸಲ ಕೇಳಿದ್ದು ಇದಕ್ಕೇ. ಚಕ್ಕುಲಿ ತಿಂದು ಮತ್ತೆ ಕೇಳಿದ್ದನಲ್ಲ, ಅದೇ ಪ್ರಶ್ನೆ.

ಸೆಪ್ಟೆಂಬರ್ ಒಂದಕ್ಕೆ ಕೆಲಸಕ್ಕೆ ಹೋದೆ. ಬಸ್ಸಿನಲ್ಲಿ ಕೂತವಳಿಗೆ, ರಾಗಿ ಸರಿ ಗಂಟಾಗದ ಹಾಗೆ ಮಾಡುತ್ತಾನೋ ಇಲ್ಲವೋ ಎಂದು ಅನುಮಾನ ಶುರುವಾಯಿತು. ಇಳಿಯುವುದರೊಳಗೆ ಎಷ್ಟು ಸಲ ಫೋನ್ ಮಾಡಿದೆನೋ. ಅವನು ತಾಳ್ಮೆಯಿಂದ ಬಟ್ಟಲನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದ.

ಜನವರಿಯಲ್ಲಿ ಕ್ರೆಷ್ ಬಾಗಿಲು ತೆರೆಯಿತು. ಹಲಗೆ ಕಿತ್ತ ಕಿಟಕಿಗಳಿಂದ ಬೆಳಕು ಬರುತ್ತಿತ್ತು. ಚೈತನ್ಯಾ ತಿರುಗಿಯೂ ನೋಡದೆ ಆಟದ ಮೂಲೆಗೆ ಪುಟುಪುಟು ನಡೆದು ಹೋಗಿಬಿಟ್ಟಳು. ನೋಡಿಕೊಳ್ಳುವ ಹುಡುಗಿ ಬಾಯ್ತುಂಬ ನಗುತ್ತಾ, “ಏನೂ ಯೋಚನೆ ಮಾಡ್ಬೇಡಿ, ಎಲ್ಲ ಗ್ರ್ಯಾಂಡ್” ಅಂದಳು.

“ಬೆಂಕಿ ಬಿದ್ದರೆ ಹೊರಗೆ ಹೋಗೋ ಹಿಂಬಾಗಿಲು ಎಲ್ಲಿದೆ?” ಎಂದು ಕೇಳಿದವಳು ನಾನು.

ಮಂಜೇಶ ನನ್ನ ತೋಳು ಜಗ್ಗಿದ. “ಮೊದಲನೇ ದಿನಾನೇ ಅವಳ ತಲೆ ತಿನ್ಬೇಡ್ವೇ. ಗ್ರ್ಯಾಂಡ್ ಅಂತಿದಾಳಲ್ಲ, ನಂಬು.”

“ನೀನು ನಂಬ್ಕೊಂಡು ಇಲ್ಲೇ ನಿಂತಿರು. ನಾನು ನೋಡ್ಕೊಂಡು ಬರ್ತೀನಿ.”

ಹಿಂಬಾಗಿಲು ಅಲ್ಲೇ ಇತ್ತು. ತಳ್ಳಿದೆ, ತೆರೆಯಲಿಲ್ಲ. ಸಂದಿಯಲ್ಲಿ ಇಣುಕಿದರೆ, ಹೊಸ ಆಟಿಕೆಗಳ ಪೆಟ್ಟಿಗೆಗಳನ್ನು ಹೊರಗಡೆ ಬಾಗಿಲಿಗೇ ಒತ್ತಿ ಪೇರಿಸಿಟ್ಟಿದ್ದರು. ಕಟ್ಟಡವನ್ನು ಬಳಸಿಕೊಂಡು ಹಿಂದಕ್ಕೆ ಹೋಗಿ, ಸಿಕ್ಕಿಸಲು ಸೆರಗಿಲ್ಲದ್ದಕ್ಕೆ ಕೋಟಿನ ತೋಳು ಮಡಿಸಿ, ಮೇಲಿನ ಪೆಟ್ಟಿಗೆಗೆ ಕೈ ಹಾಕಿದೆ. ಅದರ ಇನ್ನೊಂದು ತುದಿಯನ್ನು ಆಗಲೇ ಯಾರೋ ಹಿಡಿದಿದ್ದರು. ಮಂಜೇಶ ನನ್ನ ಹಿಂದೆಯೇ ಬಂದಿದ್ದ.