ಎರಡೂವರೆ ಲೀಟರಿನಿಂದ ಮೂರಕ್ಕೆ

ನನ್ನ ಬ್ಯಾಂಕು ನಾಸಿಕದಲ್ಲಿ, ನನ್ನ ಗಂಡ, ನಮ್ಮವರು, ಕೆಲಸ ಮಾಡುವ ಕೇಂದ್ರ ಸರ್ಕಾರದ ಕಚೇರಿ ಸಂಭಾಜಿನಗರದಲ್ಲಿ. ಬಾಗಲಕೋಟೆ ಬಿಟ್ಟ ಮೇಲೆ ವರ್ಗಾವಣೆಗಳು ನಮ್ಮಿಬ್ಬರನ್ನೂ ಒಂದೇ ರಾಜ್ಯಕ್ಕೆ ತಂದು ಹಾಕಿದವು, ಒಂದೇ ಊರಿಗೆ ಹಾಕಲಿಲ್ಲ. ನಮ್ಮವರಿಗೆ ಗಾಡಿ ಹೊಡೆಯಲು ಬಾರದು, ಕಲಿಯುವ ಮನಸ್ಸೂ ಇಲ್ಲ. ಹಾಗಾಗಿ ಶನಿವಾರ ಯೇವಲಾ, ವೈಜಾಪುರ ದಾಟಿ ಹೋಗುವುದು, ಸೋಮವಾರ ಬೆಳಕು ಹರಿಯುವ ಮುಂಚೆ ಎದ್ದು ಮರಳುವುದು ನನ್ನ ಪಾಲಿಗೆ ಬಂತು. ವಾರವಿಡೀ ಕೌಂಟರಿನ ಜಗಳ, ವಾರದ ಕೊನೆಗೆ ಈ ರಸ್ತೆ. ಭಾನುವಾರ ಊಟಕ್ಕೆ ಕೂತಾಗಲೂ ನನ್ನ ಕೈ ಸ್ಟೇರಿಂಗ್ ಹಿಡಿದಂತೆಯೇ ಇರುತ್ತಿತ್ತು.

ಆ ರಸ್ತೆ ಸಹ್ಯವಾಗಿದ್ದುದು ಕಾರಿನಿಂದ. ಅದೊಂದು ಹಳೆಯ ಜರ್ಮನ್ ಕಾರು. ಯಾರೂ ಕೊಳ್ಳದೆ ಬಿಸಿಲಲ್ಲಿ ನಿಂತಿದ್ದಾಗ ನಾನು ತಗೊಂಡೆ. ಆರು ಸಿಲಿಂಡರುಗಳು ಒಂದರ ಹಿಂದೊಂದು ಸಾಲಾಗಿ ನಿಂತ ಎಂಜಿನ್. ಈಗ ಅಂಥದ್ದು ಅಪರೂಪ. ಅದು ನಡುಗುವುದಿಲ್ಲ, ಒಂದರ ಕುಲುಕನ್ನು ಇನ್ನೊಂದು ನುಂಗಿಕೊಳ್ಳುತ್ತದೆ. ಮೊದಲ ಸಲ ಶುರು ಮಾಡಿದಾಗ ಹಾಡುವ ಮುಂಚೆ ಗಂಟಲು ಸರಿಮಾಡಿಕೊಂಡಂಥ ಸದ್ದು ಬಂತು. ಅಷ್ಟಕ್ಕೇ ನಾನು ಸೋತೆ.

ಇಂಥ ಸೋತವರೆಲ್ಲ ತಿಂಗಳಿಗೊಮ್ಮೆ ಭಾನುವಾರ ದೌಲತಾಬಾದ್ ಕೋಟೆಯ ಕೆಳಗೆ, ಸೀತಾಫಲ ಮಾರುವವರ ಪಕ್ಕದ ಚಹಾ ಹೋಟೆಲಿನ ಮುಂದೆ ಸೇರುತ್ತಿದ್ದರು. ಎಲ್ಲರವೂ ಒಂದೇ ಮನೆತನದ ಕಾರುಗಳು. ಅಕ್ಕಪಕ್ಕ ನಿಲ್ಲಿಸಿ ಬಾನೆಟ್ ಎತ್ತಿದರೆ ಹೋಲಿಕೆ ಶುರು. ಎರಡೂವರೆ ಲೀಟರಿನ ಎಂಜಿನ್ ಹಗುರ, ಮೂರರದು ಬಲ, ಮೊದಲು ಬಂದದ್ದಕ್ಕೆ ಆಯುಷ್ಯ ಹೆಚ್ಚು, ಆಮೇಲೆ ಬಂದದ್ದು ಬರೀ ವೈರು. ಚಹಾ ಆರಿದರೂ ವಾದ ಆರುತ್ತಿರಲಿಲ್ಲ. ಮೊದಲ ಸಲ ಹೋದಾಗ ಒಬ್ಬರು ನನ್ನನ್ನು ದಾಟಿ ನಮ್ಮವರ ಹತ್ತಿರ ಹೋಗಿ, "ಸಾಹೇಬ್, ನಿಮ್ಮದು ಮೈಲೇಜ್ ಎಷ್ಟು ಕೊಡ್ತದ?" ಎಂದು ಹಿಂದಿಯಲ್ಲಿ ಕೇಳಿದರು. ನಮ್ಮವರು ಭಜಿ ತಿನ್ನುತ್ತ, "ನಂಗೇನು ಗೊತ್ತಿಲ್ರಿ, ಗಾಡಿ ಅವರದು" ಎಂದು ನನ್ನ ಕಡೆ ಕೈ ತೋರಿಸಿದರು. ಆ ಮನುಷ್ಯ ನಕ್ಕು ಪಕ್ಕದ ಕಾರಿನ ಕಡೆ ತಿರುಗಿದ. ನನಗೆ ಸಿಟ್ಟೂ ಬರಲಿಲ್ಲ. ಅಷ್ಟು ದಣಿದಿದ್ದೆ.

ನನ್ನೊಡನೆ ನೇರ ಮಾತಾಡಿದವರು ಒಬ್ಬ ಹಿರಿಯರು. ವಾಳೂಜ್ ಕಡೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಎಲ್ಲರಿಗೂ ಕಾಕಾ. ಐವತ್ತರ ಹತ್ತಿರದ ನನ್ನನ್ನು 'ಪೋರಿ', ಹುಡುಗಿ, ಎನ್ನುತ್ತಿದ್ದರು. ನನ್ನದು ಎರಡೂವರೆ ಲೀಟರಿನದು, ಅವರದು ಅದರ ಅಣ್ಣ, ಮೂರು ಲೀಟರಿನದು. ಆದರೆ ಅವರು ಅದರಲ್ಲಿ ಬರುತ್ತಿರಲಿಲ್ಲ, ಆಟೋದಲ್ಲಿ ಬರುತ್ತಿದ್ದರು. ಒಂದು ಬೇಸಿಗೆ ಎಂಜಿನ್ ಬಿಸಿ ಏರಿ ಬ್ಲಾಕೇ, ಸಿಲಿಂಡರುಗಳನ್ನು ಹೊತ್ತ ಹೊರಗಿನ ಒಡಲೇ, ಕೆಟ್ಟಿತ್ತು. ಕೊಂಕಣದಲ್ಲಿದ್ದ ಕಾಲದ ಉಪ್ಪುಗಾಳಿಗೆ ತಳವೂ ತುಕ್ಕು ಹಿಡಿದಿತ್ತು. ಕಾರು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಂತಿತ್ತು.

ಒಂದು ಶನಿವಾರ ವೈಜಾಪುರದ ಆಚೆ ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಹೋದೆ. ಒತ್ತಿದರೂ ಕಾರು ಏಳಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ನೀಲಿ ಹೊಗೆ. ಎಂಜಿನ್ ಆಯಿಲ್ ಕುಡಿಯತೊಡಗಿ ಬಹಳ ದಿನವಾಗಿತ್ತು. ಡಬ್ಬಿ ತಂದು ಸುರಿಯುತ್ತಲೇ ಇದ್ದೆ. ಮರುದಿನ ಕಾಕಾ ಬಾನೆಟ್ ಮೇಲೆ ಅಂಗೈ ಇಟ್ಟು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟರು. ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಪೋರಿ, ನಿನ್ನ ಬ್ಲಾಕ್ ಗಟ್ಟಿ ಇದೆ, ಒಳಗಿನದು ಸವೆದಿದೆ. ನನ್ನದರ ಹೊರಗಿನದು ಕೆಟ್ಟಿದೆ, ಒಳಗಿನದು ಚೆನ್ನಾಗಿದೆ. ಎರಡಕ್ಕೂ ಸಿಲಿಂಡರಿನ ಅಗಲ ಒಂದೇ. ನನ್ನ ಕ್ರ್ಯಾಂಕು ದಂಡ, ಪಿಸ್ಟನ್ನು ನಿನ್ನದರಲ್ಲಿ ಕೂಡುತ್ತವೆ. ಪಿಸ್ಟನ್ನಿನ ಓಟ ಉದ್ದವಾಗಿ ಮೂರು ಲೀಟರ್ ಆಗುತ್ತದೆ."

"ನಿಮ್ಮ ಗಾಡಿ?" ಎಂದೆ.

"ಅದನ್ನು ರಿಪೇರಿ ಮಾಡಿಸುತ್ತೇನೆ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ."

ಮನೆಗೆ ಬಂದು ಹೇಳಿದೆ. ನಮ್ಮವರು ಅನ್ನ ಕಲಸುವುದು ನಿಲ್ಲಿಸಿದರು.

"ಒಂದ್ ಸಣ್ಣ ಹೊಸಾ ಗಾಡಿ ತಗೊಂಡು ಆರಾಮ ಇರಬಾರದೇನ? ಎಲ್ಲಾರೂ ಹಂಗ ಮಾಡ್ತಾರ."

"ಆ ರಸ್ತಾದಾಗ ನಾ ಒಬ್ಬಾಕೀನ ಇರತೀನ್ರಿ. ಜೋಡಿ ಯಾರು ಇರಬೇಕು ಅಂತ ನಾನ ಆರಿಸ್ತೀನಿ."

ಸಿಟ್ಟಿನಲ್ಲಿ ಆಡಿದ್ದಲ್ಲ. ಆದರೂ ಅವರಿಗೆ ನಾಟಿತು. ತಾಟು ಹಿಡಿದುಕೊಂಡು ಒಳಗೆ ಹೋದರು.

ಕೆಲಸ ಮಳೆಗಾಲವನ್ನೆಲ್ಲ ತಿಂದಿತು. ಚಿಕಲ್‌ಠಾಣಾದ ಗ್ಯಾರೇಜಿನಲ್ಲಿ ಎರಡೂ ಎಂಜಿನ್ನುಗಳನ್ನು ಸರಪಳಿಯಿಂದ ಎತ್ತಿ ಅಕ್ಕಪಕ್ಕ ಇಟ್ಟ ದಿನ ನಾನೂ ಕಾಕಾನೂ ಹೋಗಿದ್ದೆವು. ಬಿಚ್ಚಿಟ್ಟಾಗ ಅಣ್ಣ ಯಾವುದು, ತಮ್ಮ ಯಾವುದು ಗುರುತೇ ಸಿಗಲಿಲ್ಲ. ಕಾಕಾ ತಮ್ಮ ಕ್ರ್ಯಾಂಕನ್ನು ಬಟ್ಟೆಯಿಂದ ಒರೆಸುತ್ತ ಬಹಳ ಹೊತ್ತು ನಿಂತರು. ಗ್ಯಾರೇಜಿನ ಮಿಸ್ತ್ರಿ, "ಇನ್ನು ನಾನು ನೋಡ್ಕೋತೀನಿ, ಬಿಡ್ರಿ" ಎಂದ ಮೇಲೆ ಬಟ್ಟೆ ಮಡಚಿ ಕಿಸೆಯಲ್ಲಿಟ್ಟುಕೊಂಡರು.

ಆಮೇಲೆ ಕಾಯುವುದೇ ಕಾಯುವುದು. ಬೇರಿಂಗು ಬರಬೇಕು, ಬಂದರೆ ಅಳತೆ ತಪ್ಪು. ಗ್ಯಾಸ್ಕೆಟ್ ಮುಂಬೈಯಿಂದ ಬರಬೇಕು. ಎಂಜಿನ್ ಬದಲಾದದ್ದಕ್ಕೆ ಆರ್‌ಟಿಒ ಕಾಗದ. ಅಷ್ಟು ದಿನವೂ ನಾನು ಬಸ್ಸಿನಲ್ಲಿ ಓಡಾಡಿದೆ. ಒದ್ದೆ ಕಿಟಕಿಗೆ ತಲೆ ಆನಿಸಿ ಎಷ್ಟೋ ಸಲ ಅಂದುಕೊಂಡೆ: ಇದು ಬೇಕಿತ್ತೇ? ಶನಿವಾರ ಬಸ್‌ಸ್ಟ್ಯಾಂಡಿಗೆ ನಮ್ಮವರು ಛತ್ರಿ ಹಿಡಿದು ಬರುತ್ತಿದ್ದರು. "ನಾ ಹೇಳಿದ್ದೆ" ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ದಸರೆ ಮುಗಿದ ಮೇಲೆ ಎಂಜಿನ್ ಶುರುವಾಯಿತು. ಮೊದಲು ಕೆಮ್ಮಿತು, ನಿಂತಿತು. ಎರಡನೆಯ ಸಲ ಹಿಡಿದುಕೊಂಡಿತು. ಕಾಕಾರನ್ನು ಪಕ್ಕದಲ್ಲಿ ಕೂರಿಸಿಕೊಂಡು ವೇರೂಳ್ ಗುಹೆಗಳ ದಾರಿ ಹಿಡಿದೆ. ದೌಲತಾಬಾದ್ ದಾಟಿ ಖುಲ್ತಾಬಾದ್ ಕಡೆ ಘಾಟು ಏರುವಾಗ ಮೊದಲೆಲ್ಲ ಗೇರು ಇಳಿಸಬೇಕಿತ್ತು. ಈಗ ಬೇಕಾಗಲಿಲ್ಲ. ಕಾರು ತಾನಾಗಿಯೇ ಏರಿತು, ಬೆನ್ನ ಹಿಂದೆ ಯಾರೋ ಅಂಗೈ ಇಟ್ಟು ತಳ್ಳಿದ ಹಾಗೆ. ಸದ್ದು ಮಾತ್ರ ಬೇರೆಯಾಗಿತ್ತು. ನಾನು ಸೋತಿದ್ದ ಆ ತೆಳು ಸ್ವರ ಹೋಗಿ ದಪ್ಪ ಸ್ವರ ಬಂದಿತ್ತು.

"ನಿಮ್ಮ ಗಾಡಿ ಹೀಗೇ ಇತ್ತಾ ಕಾಕಾ?"

ಅವರು ಕಿಟಕಿ ಇಳಿಸಿ ಸದ್ದಿಗೆ ಕಿವಿಗೊಟ್ಟರು. "ಇಲ್ಲ. ಇದು ನನ್ನದರ ಹಾಗಿಲ್ಲ. ನಿನ್ನದರ ಹಾಗೂ ಇಲ್ಲ."

ಬೇಸರದಿಂದ ಹೇಳಿದರೋ ಸಮಾಧಾನದಿಂದಲೋ ತಿಳಿಯಲಿಲ್ಲ. ಘಾಟಿನ ಮೇಲೆ ಕಬ್ಬಿನ ಹಾಲು ಕುಡಿದು ಮರಳಿದೆವು. ಮರುವಾರ ಗುಜರಿಯವರು ಬಂದು ಶೆಡ್ಡಿನ ಕಾರು ಒಯ್ದರಂತೆ. ಆ ದಿನ ಬರಬೇಕೇ ಎಂದು ಕಾಕಾರನ್ನು ಫೋನಿನಲ್ಲಿ ಕೇಳಿದ್ದೆ. ಬೇಡ ಎಂದಿದ್ದರು.

ಅದೇ ತಿಂಗಳು ನಮ್ಮವರಿಗೆ ನಾಸಿಕಕ್ಕೆ ವರ್ಗವಾಯಿತು. ಎಷ್ಟೋ ವರ್ಷ ಅರ್ಜಿ ಹಾಕಿ, ಹಾಕುವುದನ್ನೇ ಬಿಟ್ಟ ಮೇಲೆ ಬಂದ ಆರ್ಡರು. ಸಂತೋಷಪಡಬೇಕಿತ್ತು, ಪಟ್ಟೆವು ಕೂಡ. ಆದರೆ ಇಬ್ಬರೂ ಕುರ್ಚಿಯಲ್ಲಿ ಕೂತೇ ಪಟ್ಟೆವು. ರಸ್ತೆಗೆಂದು ಕಾರು ಸಿದ್ಧವಾದಾಗ ರಸ್ತೆಯೇ ಮುಗಿದಿತ್ತು. ಇನ್ನದು ನಾಸಿಕದ ಕಾಲೇಜ್ ರೋಡಿನ ಟ್ರಾಫಿಕ್ಕಿನಲ್ಲಿ ಎರಡನೆಯ ಗೇರಿನಲ್ಲಿ ತೆವಳಬೇಕು.

ಸಂಭಾಜಿನಗರದ ಮನೆ ಖಾಲಿ ಮಾಡಿದ ದಿನ ಸಾಮಾನೆಲ್ಲ ಟೆಂಪೊದಲ್ಲಿ ಹೋಯಿತು. ಉಳಿದದ್ದು ಡಿಕ್ಕಿಯಲ್ಲಿ, ಅದೂ ತುಂಬಿ, ಕುಕ್ಕರು ನಮ್ಮವರ ತೊಡೆಯ ಮೇಲೆ. ಊರು ದಾಟಿದ ಮೇಲೆ ಅವರು ಕೇಳಿದರು, "ಈಗ ಹೆಂಗ ಐತಿ ಗಾಡಿ?"

"ಛಲೋ ಐತ್ರಿ. ಮೊದಲಿನಂಗ ಇಲ್ಲ, ಛಲೋ ಐತಿ."

"ನಾವೂ ಮೊದಲಿನಂಗ ಎಲ್ಲಿ ಇದ್ದೀವಿ," ಎಂದರು. ಸ್ವಲ್ಪ ಹೊತ್ತಿಗೆ ಕುಕ್ಕರು ಅಪ್ಪಿಕೊಂಡೇ ನಿದ್ದೆ ಹೋದರು. ಮುಂದೆ ನಮ್ಮ ಟೆಂಪೊ, ಮೇಲೆ ಕಟ್ಟಿದ ಹಾಸಿಗೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ದಾಟಿ ಹೋಗಲು ಒಂದು ಒತ್ತು ಸಾಕಿತ್ತು. ಈ ರಸ್ತೆಯನ್ನು ಬೇಗ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಯೇವಲಾ ಬರುವ ತನಕ ಅದರ ಹಿಂದೆಯೇ, ಅದರ ವೇಗದಲ್ಲೇ ಹೋದೆ.