ಬೆಳ್ಳಕ್ಕಿ ಫೋಟೋದ ಅಂಚಿನಲ್ಲಿದ್ದ ಕೈ

ಫೋಟೋದಲ್ಲಿ ದೆವ್ವ ಬಂದಿದೆ ಎಂದು ಹೇಳಿಕೊಂಡು ಪತ್ರಿಕೆಯ ಕಚೇರಿಗೆ ಬರುವವರನ್ನು ಸಾಗಹಾಕುವ ಕೆಲಸ ಬಹಳ ವರ್ಷ ನನ್ನದೇ ಆಗಿತ್ತು. ಮದುವೆ ಫೋಟೋದ ಮೂಲೆಯಲ್ಲಿ ಸತ್ತ ಅಜ್ಜಿ ನಿಂತಿದ್ದಾಳಂತೆ, ಗೃಹಪ್ರವೇಶದ ಫೋಟೋದಲ್ಲಿ ಯಾರದೋ ನೆರಳಂತೆ. "ಲೆನ್ಸ್ ಮೇಲೆ ಧೂಳು ಕಣ್ರೀ, ಒರೆಸ್ಕೊಳ್ಳಿ" ಎಂದು ಕಳಿಸಿಬಿಡುತ್ತಿದ್ದೆ. ಅವರು ಮೆಟ್ಟಿಲು ಇಳಿಯುವ ಮೊದಲೇ ನಗುತ್ತಿದ್ದೆ ಕೂಡ. ಇವತ್ತು ನೀವು ನನ್ನನ್ನು ನೋಡಿ ನಕ್ಕರೆ ನನಗೇನೂ ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮಿಷ್ಟ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಬೊಮ್ಮನಹಳ್ಳಿಯಿಂದ ಒಳಗೆ ಹೋದರೆ ಸಿಗುವ ಒಂದು ಕೆರೆಯ ಪಕ್ಕದಲ್ಲಿ ಅಪಾರ್ಟ್‌ಮೆಂಟಿಗೆಂದು ಪಾಯ ತೆಗೆಯುತ್ತಿದ್ದರು. ಜೆಸಿಬಿ ಮಣ್ಣು ಎತ್ತಿದ ಕಡೆಯಲ್ಲೆಲ್ಲ ಹುಳ ಹೆಕ್ಕಲು ಬೆಳ್ಳಕ್ಕಿಗಳ ಹಿಂಡು. ಒಂದು ಗುರುವಾರ ಬೆಳಿಗ್ಗೆ ಅದನ್ನು ತೆಗೆಯಲು ಹೋಗಿದ್ದೆ. ಕೆರೆ ಸಾಯುತ್ತಿದೆ, ಹಕ್ಕಿಗೆ ಅದು ಗೊತ್ತಿಲ್ಲ, ಇಷ್ಟನ್ನು ಒಂದೇ ಫೋಟೋದಲ್ಲಿ ಹೇಳಬೇಕೆಂಬ ಆಸೆ ನನಗೆ. ಹಕ್ಕಿಗಳ ಹಿಂದೆ ಕೂಲಿಯವರು ಬಾಂಡ್ಲಿಯಲ್ಲಿ ಮಣ್ಣು ಹೊರುತ್ತಿದ್ದರು. ಅವರು ಅಡ್ಡ ಬಂದಾಗಲೆಲ್ಲ ಥೂ ಎನ್ನಿಸುತ್ತಿತ್ತು. ಸಂಜೆ ಕಂಪ್ಯೂಟರಿನ ಮುಂದೆ ಕೂತು ಅವರನ್ನೆಲ್ಲ ಕತ್ತರಿಸಿ ತೆಗೆದೆ. ಇಲ್ಲದ್ದನ್ನು ಸೇರಿಸಿದರೆ ಮೋಸ, ಇದ್ದದ್ದನ್ನು ಕತ್ತರಿಸಿದರೆ ಮೋಸವಲ್ಲ ಎಂದು ನಮ್ಮ ಕಸುಬಿನವರೆಲ್ಲ ಒಪ್ಪಿಕೊಂಡಿದ್ದೆವು. ಅವಸರದಲ್ಲಿ ಬಲ ಅಂಚಿನಲ್ಲಿ ಒಂದು ಕೈ ಮೊಣಕೈವರೆಗೆ ಉಳಿದುಹೋಗಿತ್ತು. ಶುಕ್ರವಾರ ಅದು ಹಾಗೆಯೇ ಅಚ್ಚಾಯಿತು, ನಾನು ಗಮನಿಸಲೂ ಇಲ್ಲ.

ಶನಿವಾರ ಮಧ್ಯಾಹ್ನ ಒಬ್ಬ ಹೆಂಗಸು ಆ ಪೇಪರಿನ ಹಾಳೆ ಹಿಡಿದುಕೊಂಡು ಕಚೇರಿಗೆ ಬಂದಳು. ಯಾದಗಿರಿ ಕಡೆಯವಳು, ಹೆಸರು ಹಣಮವ್ವ. ಆ ಪಾಯದ ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ಗಂಡನ ಜೊತೆ ಇದ್ದವಳು. ಟೀ ಅಂಗಡಿಯಲ್ಲಿ ಬೋಂಡ ಕಟ್ಟಿಕೊಟ್ಟ ಹಾಳೆಯಂತೆ ಅದು, ಎಣ್ಣೆ ಹೀರಿತ್ತು. ಅಂಚಿನ ಕೈಯ ಮೇಲೆ ಬೆರಳಿಟ್ಟಳು.

"ಇದು ನಮ್ಮ ಮನಿಯವರ ಕೈ ಐತ್ರಿ ಸರ. ಉಳಿದ ಮನಶ್ಯಾ ಎಲ್ಲಿ ಅದಾನ್ರೀ?"

ಆ ಕೈಯ ಹೆಬ್ಬೆರಳಿಗೆ ಹಳದಿ ಬಟ್ಟೆ ಸುತ್ತಿತ್ತು. ಭಾನುವಾರ ಬೆರಳು ಕೊಯ್ದುಕೊಂಡಿದ್ದನಂತೆ, ಇವಳೇ ಸೆರಗು ಹರಿದು ಕಟ್ಟಿದ್ದಳಂತೆ. ಹರಿದ ಸೆರಗನ್ನೂ ತೋರಿಸಿದಳು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋದವನು ಮರಳಿ ಬಂದಿರಲಿಲ್ಲ. ಅವತ್ತು ಪಾಯದ ಒಂದು ಬದಿ ಕುಸಿಯಿತೆಂದೂ ಅವನು ಅದರ ಅಡಿಯಲ್ಲಿದ್ದಾನೆಂದೂ ಜೊತೆಯವನೊಬ್ಬ ಕಿವಿಯಲ್ಲಿ ಹೇಳಿ ಊರಿಗೆ ಹೊರಟುಹೋಗಿದ್ದ. ಮೇಸ್ತ್ರಿಯೋ, ಅವನು ಅವತ್ತು ಕೆಲಸಕ್ಕೇ ಬಂದಿಲ್ಲ, ಎಲ್ಲಿಗೋ ಓಡಿಹೋಗಿದ್ದಾನೆ ಎನ್ನುತ್ತಿದ್ದ. ಸೋಮವಾರ ಅವನು ಅಲ್ಲೇ ಇದ್ದ ಎನ್ನುವುದಕ್ಕೆ ಫೋಟೋ ಸಿಕ್ಕರೆ ಪೊಲೀಸರು ಮಣ್ಣು ತೆಗೆಸುತ್ತಾರೆ ಎಂಬ ಒಂದೇ ಆಸೆ ಹಿಡಿದು ಬಂದಿದ್ದಳು.

ಪೂರ್ತಿ ಫೋಟೋ ತೆರೆದು ತೋರಿಸಿದೆ. ಅವನು ಇದ್ದ. ತಲೆಯ ಮೇಲೆ ಬಾಂಡ್ಲಿ, ಒಂದು ಕೈ ಇಳಿಬಿಟ್ಟುಕೊಂಡು, ಹಕ್ಕಿಗಳ ಆಚೆ ನಿಂತು ನೇರ ನನ್ನ ಕಡೆಗೇ ನೋಡುತ್ತಿದ್ದ.

"ಇವರ ನೋಡ್ರಿ," ಎಂದಳು ಪರದೆಯನ್ನು ಮುಟ್ಟಿ. "ಸೋಮವಾರ ತಗದಿದ್ದೇನ್ರಿ?"

"ಇಲ್ಲಮ್ಮ, ಮೊನ್ನೆ ಗುರುವಾರ."

"ಗುರುವಾರ ಹೆಂಗ ಆಗ್ತೈತ್ರಿ?" ಎಂದು ಅಷ್ಟೇ ಕೇಳಿದಳು.

ನನಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ಇವನು ಹೆಂಡತಿಯ ಕಣ್ಣು ತಪ್ಪಿಸಿ ಬೇರೆಲ್ಲೋ ಇದ್ದುಕೊಂಡು ಕೆಲಸಕ್ಕೆ ಬರುತ್ತಿದ್ದಾನೆ ಎಂದುಕೊಂಡೆ. ಆದರೂ ಅವಳ ಜೊತೆ ಠಾಣೆಗೆ ಹೋದೆ. ಯಾವತ್ತಿನ ಫೋಟೋ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಹಣಮವ್ವ ನನ್ನ ಮುಖ ನೋಡಿದಳು. ಸೋಮವಾರ ಎಂದುಬಿಟ್ಟಿದ್ದರೆ ಅವತ್ತೇ ಮಣ್ಣು ತೆಗೆಸುತ್ತಿದ್ದರೇನೋ. ಗುರುವಾರ ಎಂದೆ. ಫೋಟೋ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ ಎಂಬ ಜಂಬ ಬೇರೆ.

"ಗುರುವಾರ ಗುಂಡುಕಲ್ಲಿನಂಗೆ ನಿಂತವ್ನಲ್ಲಮ್ಮ, ಇನ್ಯಾವ ಮಣ್ಣು ತೆಗ್ಸೋದು? ಬರ್ತಾನೆ ಹೋಗು," ಎಂದರು ಅವರು.

ಇಪ್ಪತ್ತು ದಿನವಾದ ಮೇಲೆ ಪಿಲ್ಲರಿಗೆಂದು ಅಗೆಯುವಾಗ ಅವನು ಸಿಕ್ಕಿದ. ಹೆಬ್ಬೆರಳಿನಲ್ಲಿ ಆ ಬಟ್ಟೆ ಇತ್ತು. ಸೋಮವಾರ ಬೆಳಿಗ್ಗೆಯೇ ಕುಸಿದಿತ್ತು, ಹೆದರಿ ಮುಚ್ಚಿಹಾಕಿದೆವು ಎಂದು ಮೇಸ್ತ್ರಿ ಒಪ್ಪಿಕೊಂಡ. ಇಪ್ಪತ್ತು ದಿನ ಆ ಹೆಂಗಸು ಗಂಡ ಇರುವ ಮಣ್ಣಿನ ಪಕ್ಕದಲ್ಲೇ ಅಡುಗೆ ಮಾಡಿಕೊಂಡು, ಅವನು ಬರುವುದನ್ನು ಕಾಯುತ್ತ ಕೂತಿದ್ದಳು. ನನ್ನ ಮಾತು ನಂಬಿಕೊಂಡು.

ಕಚೇರಿಗೆ ಬಂದು ಕ್ಯಾಮೆರಾ ತೆಗೆದು ನೋಡಿದೆ. ಅದರ ತಾರೀಖು, ಗಡಿಯಾರ ಎರಡೂ ಸರಿಯಾಗಿದ್ದವು. ಸೋಮವಾರ ಇಡೀ ದಿನ ನಾನು ಊರಿನ ಇನ್ನೊಂದು ತುದಿಯಲ್ಲಿ, ನಾಗಸಂದ್ರದಲ್ಲಿ, ಮೆಟ್ರೋ ಕೆಲಸದ ಫೋಟೋ ತೆಗೆಯುತ್ತಿದ್ದೆ. ಆ ಗುರುವಾರದ ಮೊದಲು ಆ ಕೆರೆಯ ಕಡೆ ಕಾಲಿಟ್ಟವನೇ ಅಲ್ಲ. ಆ ಫೋಟೋ ತೆಗೆದ ಒಂದೇ ನಿಮಿಷದಲ್ಲಿ ಒಂದರ ಹಿಂದೊಂದು ಹನ್ನೊಂದು ಫೋಟೋ ತೆಗೆದಿದ್ದೆ. ಹಕ್ಕಿಗಳು ಹನ್ನೊಂದರಲ್ಲೂ ಇದ್ದವು. ಅವನು ಒಂದರಲ್ಲಿ ಮಾತ್ರ ಇದ್ದ. ಅವನನ್ನೇ ಹೋಲುವ ಇನ್ನೊಬ್ಬ ಇರಬೇಕು ಬಿಡು ಗುರು ಎಂದರು ಗೆಳೆಯರು. ಹಾಗಾದರೆ ಬೆರಳಿನ ಆ ಬಟ್ಟೆ ಎಲ್ಲಿಂದ ಬಂತು ಎಂದು ಕೇಳಿದೆ. ನನಗೆ ಭಯವಾಗಲಿಲ್ಲ, ಅಳುವೂ ಬರಲಿಲ್ಲ. ಮರುದಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಯಾವುದೋ ಉದ್ಘಾಟನೆಯಿತ್ತು, ಹೋಗಿ ಫೋಟೋ ತೆಗೆದುಕೊಂಡು ಬಂದೆ.

ಹಣಮವ್ವ ಊರಿಗೆ ಹೊರಡುವ ದಿನ ಆ ಫೋಟೋವನ್ನು ದೊಡ್ಡದಾಗಿ ಮಾಡಿಸಿಕೊಂಡು ಶೆಡ್ಡಿಗೆ ಹೋದೆ. ತಪ್ಪಾಯ್ತು ಎಂದು ಹೇಳಬೇಕೆಂದಿದ್ದೆ, ಫೋಟೋವನ್ನಷ್ಟೇ ಅವಳ ಕೈಗೆ ಕೊಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲೂ ಇಲ್ಲ. ಫೋಟೋವನ್ನು ಬಹಳ ಹೊತ್ತು ನೋಡಿ ಒಂದು ಮಾತು ಕೇಳಿದಳು.

"ಸೋಮವಾರ ಆದಮ್ಯಾಲೆ ನಾವ್ಯಾರೂ ಅವರನ್ನ ನೋಡಿಲ್ರಿ. ನೀವೊಬ್ರ ನೋಡೀರಿ. ಹೆಂಗಿದ್ರು ಹೇಳ್ರೀ ಸರ?"

ನಾನು ನೋಡಿರಲಿಲ್ಲ. ಕ್ಯಾಮೆರಾಕ್ಕೆ ಕಣ್ಣು ಕೊಟ್ಟುಕೊಂಡು, ಈ ಜನ ಯಾವಾಗ ಪಕ್ಕಕ್ಕೆ ಸರಿಯುತ್ತಾರೋ ಎಂದು ಕಾಯುತ್ತಿದ್ದೆ, ಅಷ್ಟೇ.

"ಚೆನ್ನಾಗಿದ್ರಮ್ಮ," ಎಂದೆ.

ಆ ಫೋಟೋದ ವಿಷಯದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಗುರುವಾರ ಅಲ್ಲಿ ನಿಂತು ನನ್ನನ್ನು ನೋಡುತ್ತಿದ್ದವನು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ.