ಬುಟ್ಟಿ ಹೊತ್ತವನ ಜಾರುವ ಸೀಟು

ನನ್ನ ಗಂಡ ಚೆಂಚೊನ ಕೆಲಸ ಬ್ರೆಡ್ಡು ಮಾರುವುದು. ಅಂಗಡಿಯಲ್ಲಿ ಕೂತು ಮಾರುವುದಲ್ಲ. ಸೈಕಲ್ ತುಳಿಯುತ್ತ, ತಲೆಯ ಮೇಲೆ ಬುಟ್ಟಿ ಹೊತ್ತು ಊರೆಲ್ಲ ಸುತ್ತಿ ಮಾರುವುದು. ಬುಟ್ಟಿ ಎಂದರೆ ಎರಡು ಹಸುಗೂಸುಗಳನ್ನು ಅಕ್ಕಪಕ್ಕ ಮಲಗಿಸಬಹುದು, ಅಷ್ಟು ಅಗಲ. ತಲೆಗೆ ಬಟ್ಟೆಯ ಸಿಂಬೆ, ಅದರ ಮೇಲೆ ಬುಟ್ಟಿ, ಒಂದು ಕೈ ಬುಟ್ಟಿಯ ಅಂಚಿಗೆ, ಇನ್ನೊಂದು ಹ್ಯಾಂಡಲಿಗೆ. ತುಂಬಿದ ಬುಟ್ಟಿಯನ್ನು ಒಬ್ಬನೇ ಏರಿಸಿಕೊಳ್ಳಲಾಗದು, ಒಬ್ಬನೇ ಇಳಿಸಲೂ ಆಗದು. ಬೆಳಿಗ್ಗೆ ಬೇಕರಿಯಲ್ಲಿ ನಾನು ಒಂದು ಕಡೆ, ಒಡತಿ ದೊನ್ಯಾ ಬ್ಲಾಸಾ ಒಂದು ಕಡೆ ಹಿಡಿದು ಎತ್ತಿ ಅವನ ತಲೆಗೆ ಇಡುತ್ತಿದ್ದೆವು.

ಹರೆಯದಲ್ಲಿ ಅವನೇನು ಕಡಿಮೆ ಇರಲಿಲ್ಲ. ಇಗರ್ಜಿಯ ಮುಂದೆ ಹುಡುಗಿಯರು ಕಂಡರೆ ಎರಡೂ ಕೈ ಬಿಟ್ಟು ತುಳಿಯುತ್ತಿದ್ದ. ಆ ಹುಡುಗಿಯರಲ್ಲಿ ನಾನೂ ಒಬ್ಬಳು. ಬುಟ್ಟಿ ಬೀಳುತ್ತದೆ ಎಂದು ಕಾದೆ, ಬೀಳಲಿಲ್ಲ, ನಾನೇ ಬಿದ್ದೆ. ಆಮೇಲೆ ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ಪಕ್ಕದ ಓಣಿಗೆ ಹೋದಳು. ಅಷ್ಟು ದಿನವೂ ಇವನ ತಲೆಯ ಮೇಲೆ ಬುಟ್ಟಿ ಇದ್ದೇ ಇತ್ತು. ಈಗ ಮನೆಗೆ ಬಂದರೆ ಕತ್ತು ತಿರುಗಿಸಲಾರ. ಬಾಗಿಲಲ್ಲಿ ನಿಂತು ಕರೆದರೆ ಕುರ್ಚಿಯ ಸಮೇತ ತಿರುಗುತ್ತಾನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸೈಕಲ್ಲಿನ ಸೀಟು ಜಾರತೊಡಗಿತು. ಕಲ್ಲು ಹಾಸಿನ ಮೇಲೆ ಕುಲುಕಿದಾಗಲೆಲ್ಲ ಅದರ ಮೂತಿ ಕೆಳಗೆ ವಾಲುವುದು, ಕೂತವನು ಮುಂದಕ್ಕೆ ಜಾರುವುದು. ಬರೀ ಸೈಕಲ್ ಹೊಡೆಯುವವನಾದರೆ ಇಳಿದು, ಒಂದು ಗುದ್ದು ಗುದ್ದಿ, ಮತ್ತೆ ಹತ್ತಬಹುದು. ಬುಟ್ಟಿ ಹೊತ್ತವನು ಬಗ್ಗುವಂತಿಲ್ಲ, ಕೆಳಗೆ ನೋಡುವಂತೆಯೂ ಇಲ್ಲ. ಒಂದು ದಿನ ರೊಟ್ಟಿ ಅಂಗಡಿಯ ಚೋಲೆಯ ಎದುರಿಗೇ ಸೀಟು ಪೂರ್ತಿ ತಲೆ ಬಾಗಿಸಿತು. ಚೆಂಚೊ ಕಂಬಿಯ ಮೇಲೆ ಬಿದ್ದ, ಬುಟ್ಟಿ ರಸ್ತೆಯ ಮೇಲೆ ಬಿತ್ತು. ಎಳ್ಳು ಹಚ್ಚಿದ ಬಿಸಿ ಸೆಮಿತಾ ಬ್ರೆಡ್ಡುಗಳು ಇಳಿಜಾರಿನಲ್ಲಿ ಉರುಳಿಕೊಂಡು ಹೋದವು. ಓಣಿಯ ನಾಯಿಗಳಿಗೆ ಅವತ್ತು ಮದುವೆ ಊಟ.

ದೊನ್ಯಾ ಬ್ಲಾಸಾ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ನೋಡು ಚೆಂಚೊ, ಒಂದ್ಸಲ ಬಿತ್ತು, ಹೋಗ್ಲಿ ಬಿಡು," ಎಂದಳು. "ಇನ್ನೊಂದ್ಸಲ ಬಿದ್ರೆ ನನ್ನ ತಂಗಿ ಮಗನ ಮೂರು ಚಕ್ರದ ಮೋಟಾರು ಗಾಡಿ ಹೋಗ್ತದೆ ನಿನ್ನ ಓಣಿಗಳಿಗೆ. ನಾಯಿಗಳಿಗೆ ಅಂತ ನಾನು ಹಿಟ್ಟು ನಾದೋದಿಲ್ಲ."

ಆ ಓಣಿಗಳು ಚೆಂಚೊನವು. ಯಾವ ಮನೆಯಲ್ಲಿ ಗಟ್ಟಿ ಸುಟ್ಟದ್ದು ಬೇಕು, ಯಾವ ಅಜ್ಜಿಗೆ ಹಲ್ಲಿಲ್ಲದೆ ಮೆತ್ತನೆಯದೇ ಆಗಬೇಕು, ಎಲ್ಲ ಅವನಿಗೆ ಬಾಯಿಪಾಠ. ಅವನ್ನು ಕಿತ್ತುಕೊಂಡರೆ ಇವನಲ್ಲಿ ಉಳಿಯುವುದೇನು ಎಂದು ನನಗೆ ಹೆದರಿಕೆಯಾಯಿತು.

ಅವತ್ತೇ ತಾಚೊನ ಸೈಕಲ್ ಅಂಗಡಿಗೆ ಹೋದ. ತಾಚೊ ನಮ್ಮ ಮಗಳ ದೀಕ್ಷಾಸ್ನಾನದಲ್ಲಿ ಅವಳನ್ನು ಎತ್ತಿಕೊಂಡು ಧರ್ಮತಂದೆಯಾದವನು. ಹಾಗಾಗಿ ಇವನಿಗೆ ಅವನು ಕೊಂಪಾದ್ರೆ, ಅವನಿಗೆ ಇವನು ಕೊಂಪಾದ್ರೆ. ಚಡ್ಡಿ ಹಾಕುವಾಗಿನಿಂದ ಜೊತೆಗೆ ಆಡಿದವರು ಅವತ್ತಿನಿಂದ ಒಬ್ಬರಿಗೊಬ್ಬರು 'ನೀವು' ಎನ್ನುತ್ತಾರೆ.

"ಸೀಟಿಗೇನೂ ಆಗಿಲ್ಲ ಕೊಂಪಾದ್ರೆ," ಎಂದು ತಾಚೊ ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಮೈಭಾರ ಬಿಟ್ಟು ನಟ್ಟು ತಿರುವಿದ. "ಹಿಂದುಗಡೆ ಮಾಂಸ ಕರಗಿದೆ ನಿಮಗೆ. ಮೂಳೆ ಚುಚ್ಚಿದ್ರೆ ಯಾವ ಸೀಟು ತಾನೆ ತಡ್ಕೊಳ್ತದೆ?"

"ನಿಮ್ಮ ಹೊಟ್ಟೆ ಒಂಚೂರು ಕೊಡಿ ಹಾಗಾದ್ರೆ," ಎಂದ ಚೆಂಚೊ.

ಸೀಟು ಸ್ವಲ್ಪ ದಿನ ನಿಂತಿತು, ಮತ್ತೆ ವಾಲಿತು. ಇಲ್ಲೇ ನಮ್ಮವರ ಬುದ್ಧಿ ಕೆಡುವುದು. ಕೊಂಪಾದ್ರೆ ಮಾಡಿಕೊಟ್ಟ ಕೆಲಸ ಸರಿಯಿಲ್ಲ ಎನ್ನುವುದು ನಮ್ಮಲ್ಲಿ ಬೈಗುಳಕ್ಕೆ ಸಮ. ಬೇರೆ ಅಂಗಡಿಗೆ ಹೋಗುವುದಂತೂ ಜಗಳಕ್ಕೆ ಕರೆದಂತೆ. ಹಾಗಾಗಿ ಚೆಂಚೊ ಬಾಯಿ ಬಿಡಲಿಲ್ಲ. ದಾರಿಯಲ್ಲಿ ತಾಚೊ ಸಿಕ್ಕಿ "ಹೇಗಿದೆ?" ಎಂದರೆ "ಬಂಡೆ ಇದ್ದಂಗಿದೆ" ಎನ್ನುವುದು, ಅವನು ಮರೆಯಾದ ಮೇಲೆ ಬುಟ್ಟಿ ಹೊತ್ತುಕೊಂಡೇ ಸೈಕಲ್ಲು ತಳ್ಳುವುದು. ಶಿಲುಬೆ ಏರು ಎಂಬ ಕಡಿದಾದ ದಾರಿಯ ಬುಡಕ್ಕೆ ಬಂದರೆ ಇಳಿದೇಬಿಡುತ್ತಿದ್ದ. ಕೇಳಿದವರಿಗೆ ಸೀಟು ತೋರಿಸುತ್ತಿದ್ದ. ನನಗೆ ನೋಡಿ ನೋಡಿ ಸಾಕಾಯಿತು.

ಒಂದು ಮಧ್ಯಾಹ್ನ ಅವನು ನಿದ್ದೆಗೆ ಬಿದ್ದಾಗ ನಾನೇ ಸೈಕಲ್ಲನ್ನು ಅಂಗಳಕ್ಕೆ ತಂದು ಸೀಟಿನ ಕೆಳಗೆ ಕೈ ಹಾಕಿದೆ. ಬೆರಳೆಲ್ಲ ಜಿಡ್ಡಾಯಿತು. ಮೂಸಿದೆ. ಹುಟ್ಟಿದಾಗಿನಿಂದ ಅದೇ ವಾಸನೆಯಲ್ಲಿ ಬದುಕಿದವಳಿಗೆ ಯಾರು ಹೇಳಬೇಕು? ಹಂದಿಕೊಬ್ಬು.

"ಏಳೋ ಮುದುಕ," ಎಂದು ಎಬ್ಬಿಸಿದೆ. "ಇದಕ್ಕೆ ಕೊಬ್ಬು ಸವರಿದ್ದು ಯಾರು?"

"ನಾನೇ. ಕಿರ್ ಕಿರ್ ಅಂತಿತ್ತು. ದಿನವೆಲ್ಲ ಕೇಳಿ ತಲೆ ಕೆಟ್ಟುಹೋಗಿತ್ತು, ಮುದುಕಿ."

"ತಾಚೊಗೆ ಹೇಳ್ದ್ಯಾ?"

"ಅವರು ಕೇಳಲಿಲ್ಲ."

ಅವನನ್ನು ಬೈದೂ ಪ್ರಯೋಜನವಿಲ್ಲ. ದಿನವೂ ಹಿಟ್ಟಿಗೆ ಹಂದಿಕೊಬ್ಬು ಹಾಕಿ ನಾದುವ ಬೇಕರಿಯವರಿಗೆ ಅದು ವಾಸಿ ಮಾಡದ ರೋಗವಿಲ್ಲ. ಬಾಗಿಲು ಕಿರುಗುಟ್ಟಿದರೆ ಕೊಬ್ಬು, ಹಿಮ್ಮಡಿ ಒಡೆದರೆ ಕೊಬ್ಬು, ಮಗು ಕೆಮ್ಮಿದರೆ ಎದೆಗೆ ಕೊಬ್ಬು. ಸೀಟಿಗೂ ಇವನಿಗೆ ಅದೇ ಮದ್ದು ಹೊಳೆದಿತ್ತು. ಇತ್ತ ತಾಚೊ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ನಟ್ಟನ್ನಷ್ಟೇ ಬಿಗಿಸಿ ಕಳಿಸಿದ್ದ. ಇವನಿಗೆ ಹೇಳಲು ನಾಚಿಕೆ, ಅವನಿಗೆ ಬಿಚ್ಚಿ ನೋಡಲು ಸೋಮಾರಿತನ. ನನಗೆ ಈ ಕೊಂಪಾದ್ರೆಗಳ ಮುಲಾಜು ಇರಲಿಲ್ಲ. ಸೈಕಲ್ಲು ತಳ್ಳಿಕೊಂಡು ಹೋಗಿ ತಾಚೊನ ಮುಂದೆ ನಿಲ್ಲಿಸಿ, "ಬಿಚ್ಚಿ ಇದನ್ನ," ಎಂದೆ.

ಬಿಚ್ಚಿದ. ಸೀಟಿನ ಕೆಳಗೆ, ಕಂಬಿ ಸೇರುವಲ್ಲಿ, ಎದುರುಬದುರಾಗಿ ಎರಡು ಬಿಲ್ಲೆಗಳಿದ್ದವು, ಎರಡಕ್ಕೂ ಸಣ್ಣ ಸಣ್ಣ ಹಲ್ಲು. ಹಲ್ಲಿಗೆ ಹಲ್ಲು ಕಚ್ಚಿದರೆ ಮಾತ್ರ ಸೀಟು ನಿಲ್ಲುತ್ತದೆ. ಕೊಬ್ಬಿಗೆ ಹಿಟ್ಟಿನ ಧೂಳು ಸೇರಿ ಸಂದುಗಳೆಲ್ಲ ಮುಚ್ಚಿಹೋಗಿದ್ದವು. ತಾಚೊ ಅದನ್ನು ನೋಡಿದ, ನನ್ನನ್ನು ನೋಡಿದ.

"ಇನ್ನೊಂಚೂರು ಸಕ್ಕರೆ ಹಾಕಿದ್ರೆ ಬೇಯಿಸಿ ಮಾರಬಹುದಿತ್ತು, ಕೊಮಾದ್ರೆ," ಎಂದ. ಮಗಳ ತಾಯಿಯಾದ್ದರಿಂದ ನಾನು ಅವನಿಗೆ ಕೊಮಾದ್ರೆ.

ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸೋಪಿನ ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿದೆವು. ಒಂದು ಬಿಲ್ಲೆಯ ಹಲ್ಲು ಜಾರಿ ಜಾರಿ ಸವೆದಿತ್ತು. ಹಳೆಯ ಸೈಕಲ್ಲೊಂದರಿಂದ ಬೇರೆ ಬಿಲ್ಲೆ ಕಿತ್ತು ಹಾಕಿದ. ಸೀಟಿನ ಮೂತಿಯನ್ನು ಮಟ್ಟಕ್ಕೆ ಹಿಡಿದು, ಆ ಕಡೆಯ ನಟ್ಟು ಸ್ವಲ್ಪ, ಈ ಕಡೆಯದು ಸ್ವಲ್ಪ ಎಂದು ಸಮನಾಗಿ ಬಿಗಿಸುತ್ತ ಬಂದ. ಕೊನೆಗೆ ಆ ಹೊಟ್ಟೆಯನ್ನೆಲ್ಲ ಸೀಟಿನ ಮೂತಿಯ ಮೇಲೆ ಹಾಕಿ ಒತ್ತಿದ. ಅಲ್ಲಾಡಲಿಲ್ಲ. ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಮಾರನೆಯ ದಿನ ಸಂತೆ. ದೊನ್ಯಾ ಬ್ಲಾಸಾ ಬುಟ್ಟಿಯನ್ನು ಗೋಪುರದಂತೆ ತುಂಬಿದಳು. ಉಳಿದದ್ದನ್ನು ನಾನು ಚೀಲದಲ್ಲಿ ಹೊತ್ತು ಹಿಂದೆ ನಡೆದೆ. ಶಿಲುಬೆ ಏರಿನ ಬುಡದಲ್ಲಿ ಚೆಂಚೊನ ಕಾಲು ಒಂದು ಗಳಿಗೆ ನೆಲ ಹುಡುಕಿತು.

"ಸೀಟು ಸರಿಹೋಯ್ತಂತಲ್ಲ, ಚೆಂಚೊ," ಎಂದಳು ಚೋಲೆ, ಹೆಂಚಿನ ಮುಂದಿನಿಂದಲೇ. "ತಾಚೊ ಊರಿಗೆಲ್ಲ ಹೇಳ್ಕೊಂಡು ಬಂದ. ಇನ್ನು ರಾಜನ ಥರ ಹತ್ತು."

ಅವನು ಇಳಿಯಲಿಲ್ಲ. ಹತ್ತಿದ. ಸೀಟು ಕೂದಲೆಳೆಯಷ್ಟೂ ಕದಲಲಿಲ್ಲ. ಕದಲಿದ್ದು ಅವನ ಮಂಡಿ. ಅರ್ಧ ಏರಿಗೆ ಪೆಡಲು ಒತ್ತಿದಾಗಲೆಲ್ಲ ಇಡೀ ಕಾಲು ನಡುಗುತ್ತಿತ್ತು. ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು. ಜನ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆದರು. ನನಗೆ ಅವರ ಕೈ ಮುರಿಯಬೇಕೆನ್ನಿಸಿತು. ತುದಿಯಲ್ಲಿ ಅವನ ತುಟಿಗಳಲ್ಲಿ ಬಣ್ಣವೇ ಇರಲಿಲ್ಲ. ಅದು ಸೀಟಿನ ಆಯಾಸವಲ್ಲ ಎಂದು ನನಗೆ ಆಗ ತಿಳಿಯಿತು.

ಬುಟ್ಟಿ ಬೀಳಲಿಲ್ಲ. ಒಂದು ಸೆಮಿತಾ ಕೂಡ ಉಳಿಯಲಿಲ್ಲ. ಖಾಲಿ ಬುಟ್ಟಿ ನೋಡಿ ದೊನ್ಯಾ ಬ್ಲಾಸಾಗೆ ಸಂತೋಷವಾಯಿತು.

"ಇನ್ನು ಸಾಯೋ ತನಕ ಆ ಓಣಿಗಳು ನಿನ್ನವೇ ಬಿಡು," ಎಂದಳು.

ಚೆಂಚೊ ಭಟ್ಟಿಯ ಗೋಡೆಗೆ ಕೈ ಕೊಟ್ಟು ನಿಂತಿದ್ದ. "ನಿಮ್ಮ ತಂಗಿ ಮಗನ್ನ ಕರೀರಿ, ದೊನ್ಯಾ," ಎಂದ.

"ಯಾಕೆ? ಮತ್ತೆ ಜಾರ್ತದಾ?"

"ಇಲ್ಲ, ಗಟ್ಟಿಯಾಗಿ ಕೂತಿದೆ. ಜಾರ್ತಿದ್ದಾಗ ಇಳಿದು ನಡೀತಿದ್ದೆ, ಯಾರು ಕೇಳಿದ್ರೂ ಸೀಟು ಅಂತಿದ್ದೆ. ಈಗ ಯಾರ ಮೇಲೆ ಹಾಕ್ಲಿ? ನನ್ನ ಕೈಲಾಗ್ತಿಲ್ಲ."

ದೊನ್ಯಾ ಬ್ಲಾಸಾ ಕೈಯ ಹಿಟ್ಟು ಕೊಡವಿಕೊಂಡಳು. ಆಮೇಲೆ ಹಿಟ್ಟಿನ ಮೂಟೆಯ ಪಕ್ಕದ ಸ್ಟೂಲನ್ನು ಕಾಲಿನಿಂದ ಅವನತ್ತ ಎಳೆದು, "ಕೂತ್ಕೊ," ಎಂದಳು. "ನಾಳೆಯಿಂದ ಇಲ್ಲೇ ಕೂತು ಮಾರು."

ಅವನು ಕೂತ. ಮದುವೆಯಾದ ಮೇಲೆ ಬೆಳಗಿನ ಹೊತ್ತು ಅವನು ಕೂತದ್ದನ್ನು ನಾನು ಸೈಕಲ್ಲಿನ ಮೇಲಲ್ಲದೆ ಬೇರೆಲ್ಲೂ ನೋಡಿರಲಿಲ್ಲ.